ಮ್ಯಾಲಿನ ಖೋಲಿ

ಧಾರವಾಡದ ಸಪ್ತಾಪುರ ಭಾವಿಯ ಹತ್ತಿರದ ಒಂದು ಓಣಿ. ಮಂಗಳೂರು ಹಂಚಿನ ಹಳೆಯ ಮನೆ, ಅಂಗಳದಲ್ಲಿ ಮಾವಿನ ಗಿಡ, ಹೊರಗಿನಿಂದಲೇ ಮಹಡಿಗೆ ಹತ್ತುವ ಕಲ್ಲಿನ ಪಾವಟಿಗೆ. ಹೊತ್ತು ಇಳಿಯುತ್ತಿದೆ. ಮನೆಯ ಹಿರಿಯ ಸೊಸೆ ಪಡಸಾಲೆಯಲ್ಲಿ ಕೂತು ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದಾರೆ. ಪುಣೆಯಲ್ಲಿ ನೌಕರಿ ಮುಗಿಸಿ ಊರಿಗೆ ಮರಳಿರುವ ಮೈದುನ ಎದುರಿಗೆ ಕಾಗದ ಹರವಿಕೊಂಡಿದ್ದಾನೆ.

ಮೈದುನ: ವೈನಿ, ಇದನ್ನೊಂದ ನೋಡ್ರಿ. ಮ್ಯಾಲಿನ ಎರಡೂ ಖೋಲಿ ದಿನದ ಬಾಡಿಗಿಗೆ ಕೊಡೋಣಂತ ಮಾಡೇನಿ. ರಜಾದಾಗ ಬರೋರಿಗೆ. ಇಂಟೀರಿಯರ್ ಮಾಡೋ ಹುಡುಗ ಲೆಕ್ಕಾ ಬರದ ಕೊಟ್ಟಾನ. 3,20,000 ಆಗ್ತದಂತ.

ವೈನಿ: ಏನೇನ ಬರದಾನ?

ಮೈದುನ: ಫಾಲ್ಸ್ ಸೀಲಿಂಗ್, ಅದರೊಳಗ ಬಣ್ಣದ ಲೈಟು, ಸೋಫಾ, ಗೋಡಿ ಮ್ಯಾಲೆ ದೊಡ್ಡ ಟಿವಿ, ಹೊರಗ ಪ್ಲಾಸ್ಟಿಕ್ ಹುಲ್ಲು.

ವೈನಿ: ನೀರಿನ ಟಾಕಿ?

ಮೈದುನ: ಟಾಕಿ ಬರದಿಲ್ಲ.

ವೈನಿ: ಬಚ್ಚಲಕ್ಕ?

ಮೈದುನ: ಬಚ್ಚಲಕ್ಕ ಒಂದ ಕನ್ನಡಿ ಬರದಾನ.

ವೈನಿ: ಹಂಗಾರ ಆ ಕಾಗದ ಮಡಚಿ ಇಡು. ಮದಲ ನನಗ ಹೇಳು, ಸಪ್ತಾಪುರಕ್ಕ ರಜಾ ಕಳೀಲಿಕ್ಕ ಯಾರ ಬರ್ತಾರ?

ಮೈದುನ: ದಾಂಡೇಲಿಗೆ ಹೋಗೋರು ಬರ್ತಾರಲ್ರೀ. ಇಲ್ಲಿಂದ 55 ಕಿ.ಮೀ. ಅಷ್ಟ. ಕಾಳಿ ಹೊಳಿಯೊಳಗ ರಾಫ್ಟಿಂಗ್ ಮಾಡೋರು, ಕಾಡು ನೋಡೋರು.

ವೈನಿ: ಬರ್ತಾರ. ರಾತ್ರಿ ಒಂಬತ್ತಕ್ಕ ಬಂದು ನಸಿಕಿನ್ಯಾಗ ಎದ್ದು ಹೋಗ್ತಾರ. ಪುಣೆದಿಂದ ಬೆಂಗಳೂರಿಗೆ ಕಾರಿನ್ಯಾಗ ಹೋಗೋರೂ ಬರ್ತಾರ. ಎರಡೂ ಊರಿಗೆ ನಾವು ನಡುಮಧ್ಯ, ಆ ಕಡೆ ಈ ಕಡೆ ಸುಮಾರು 420 ಕಿ.ಮೀ. ಅವರಿಗೆ ಬೇಕಾಗಿದ್ದು ಕಂಪೌಂಡಿನ ಒಳಗ ಕಾರ್ ನಿಲ್ಲಸಲಿಕ್ಕ ಜಾಗಾ, ಬಿಸಿನೀರು, ಮ್ಯಾಲೆ ಒಂದ ಛಲೋ ನಿದ್ದಿ. ಟಿವಿ ಹಚ್ಚೋ ಹೊತ್ತಿಗೆ ಅವರ ಕಣ್ಣ ಮುಚ್ಚಿರ್ತಾವ. ಇನ್ನ ಉಳದ ದಿನಾ ಯಾರ ಬರ್ತಾರ ಅನ್ನೂದು ನನ್ನ ವಹಿಯೊಳಗ ಅದ. ಮೂರ ವರ್ಷ ಆತು ಹಿತ್ತಲ ಖೋಲಿ ದಿನದ ಲೆಕ್ಕಕ್ಕ ಕೊಡ್ಲಿಕತ್ತು. ಒಬ್ಬರ ಹೆಸರೂ ಬರೀದಽ ಬಿಟ್ಟಿಲ್ಲ.

ಮೈದುನ: ಅದೆಂಗ ಶುರು ಆತು ಅನ್ನೂದು ನನಗ ಗೊತ್ತಽ ಇಲ್ಲ.

ವೈನಿ: ಈ ಓಣ್ಯಾಗಿನ ಹುಡುಗೂರು ಎಲ್ಲಿಯವರು ಹೇಳು. ಬೀದರ, ರಾಯಚೂರು, ವಿಜಯಪುರ, ಕೊಪ್ಪಳ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಎರಡೆರಡ ವರ್ಷ ಇಲ್ಲೇ ಕೂತ ಓದ್ತಾರ. ಅವರ ಅಪ್ಪ ಅವ್ವ ನೋಡ್ಲಿಕ್ಕ ಬರ್ತಾರ, ಒಂದ ಚೀಲದಾಗ ಖಡಕ್ ರೊಟ್ಟಿ, ಇನ್ನೊಂದರಾಗ ಶೇಂಗಾ ಚಟ್ನಿ. ಪಿ.ಜಿ.ಯೊಳಗ ಹೊರಗಿನವರಿಗೆ ಮಲಗಲಿಕ್ಕ ಬಿಡೂದಿಲ್ಲ. ಲಾಡ್ಜಿಗೆ ರೊಕ್ಕ ಕೊಡೋದು ಅವರ ಜೀವಕ್ಕ ಒಗ್ಗೂದಿಲ್ಲ, ಅದಽ ರೊಕ್ಕ ಮಗನ ಕೈಯಾಗ ಇಡಬಹುದಲ್ಲ ಅಂತಾರ. ಒಂದ ದಿನಾ ರಾತ್ರಿ ಗೇಟ್ ಹಾಕ್ಲಿಕ್ಕ ಹೋದ್ರ ನಮ್ಮ ಕಟ್ಟಿ ಮ್ಯಾಲೆ ಒಬ್ಬ ಹಿರ್ಯಾ ಟಾವೆಲ್ ಹಾಸಿ ಮಲಗಿದ್ದ. ಸಿಂದಗಿ ಕಡೆಯಾಂವ. ಮುಂಜಾನೆ ಮದಲನೇ ಬಸ್ಸಿಗೆ ಹೋಗ್ತೇನ್ರೀ, ಸಿಟ್ಟಾಗಬ್ಯಾಡ್ರಿ ಅಂದ. ಅವನನ್ನ ಒಳಗ ಕರದು ಮಲಗಿಸಿದ ದಿನಾನ ಈ ಖೋಲಿ ಶುರು ಆತು. ಅಂವಾ ಮುಂಜಾನೆ ದಿಂಬಿನ ಕೆಳಗ ಇನ್ನೂರ ರೂಪಾಯಿ ಇಟ್ಟ ಹೋಗಿದ್ದ. ನಾ ಕೇಳಿದ್ದಿಲ್ಲ.

ಮೈದುನ: ಆಮ್ಯಾಲೆ?

ವೈನಿ: ಆಮ್ಯಾಲೆ ಒಬ್ಬರಿಂದ ಒಬ್ಬರಿಗೆ ಗೊತ್ತಾತು. ಹೈಕೋರ್ಟ್ ಪೀಠಕ್ಕ ಬರೋರು ಬಂದ್ರು. 2008ರಾಗ ಸಂಚಾರಿ ಪೀಠ ಆತು, 2013ರಾಗ ಖಾಯಂ ಆತು. ಬಳ್ಳಾರಿ, ಕಾರವಾರ, ಬಾಗಲಕೋಟೆ, ಎಲ್ಲಾ ಕಡೆಯಿಂದ ಇಲ್ಲಿಗೇ ಬರಬೇಕು. ಕೇಸು ಮುಂಜಾನೆ ಇದ್ರ ಹಿಂದಿನ ರಾತ್ರಿ ಎಲ್ಲಿ ಇರಬೇಕು? ಮಾನಸಿಕ ರೋಗದ ದವಾಖಾನಿ ಡಿಮ್ಹಾನ್ಸ್‌ಗೆ ಮನ್ಯಾಗಿನವರನ್ನ ಕರಕೊಂಡ ಬರೋರು ಬಂದ್ರು. ಅಂಥಾವರಿಗೆ ಗದ್ದಲದ ಲಾಡ್ಜ್ ಆಗೂದಿಲ್ಲಪಾ. ಕಲಬುರ್ಗಿಯ ಒಬ್ಬಾಕಿ ತಾಯಿ ನಾಲ್ಕ ಸಲ ಬಂದು ಹೋಗ್ಯಾಳ, ನಾಲ್ಕೂ ಸಲ ನನ್ನ ಕೂಡ ಕೂತು ಚಹಾ ಕುಡದು ಅತ್ತು ಹಗುರಾಗಿ ಹೋಗ್ಯಾಳ. ಯುನಿವರ್ಸಿಟಿಗೆ ವೈವಾ ತಗೊಳ್ಳಿಕ್ಕ ಬರೋ ಮಾಸ್ತರು, ಐಐಟಿಗೆ ಮಕ್ಕಳನ್ನ ಬಿಡ್ಲಿಕ್ಕ ಬರೋ ಆಂಧ್ರದವರು, ಸಪ್ಟೆಂಬರದಾಗ ಕೃಷಿ ಮೇಳಕ್ಕ ಬರೋ ರೈತರು. ಮೈಸೂರಿಂದ ಒಬ್ಬಾಕಿ ಹಾಡು ಕಲಿಯೋ ಹುಡುಗಿ ಬಂದಿದ್ಲು. ಮಲ್ಲಿಕಾರ್ಜುನ ಮನ್ಸೂರ ಅವರ ಮನಿ ನೋಡಬೇಕು, ಬೇಂದ್ರೆಯವರ ಸಾಧನಕೇರಿ ನೋಡಬೇಕು ಅಂತ ಆಕಿ ಬಂದದ್ದು. ಮೂರ ವರ್ಷದಾಗ ಪೂರಾ ರಜಾ ಅಂತ ಬಂದಾಕಿ ಆಕಿ ಒಬ್ಬಾಕೀನ.

ಮೈದುನ: ಕೊಡಗಿನಾಗ, ಚಿಕ್ಕಮಗಳೂರಾಗ ಹೋಂಸ್ಟೇ ಎಷ್ಟ ನಡೀತಾವ ನೋಡ್ರಿ.

ವೈನಿ: ಅಲ್ಲಿ ಕಾಫಿ ದರ ಬಿದ್ದಾಗ ತೋಟದವರು ಮನಿ ಬಾಗಲಾ ತಗದ್ರು. ಬಂದಾವರು ಗುಡ್ಡಾ ನೋಡ್ತಾರ, ಮಂಜು ನೋಡ್ತಾರ, ಎರಡ ದಿನಾ ಹೊರಗ ಹೋಗದಽ ಕೂಡ್ತಾರ. ಅಲ್ಲಿ ಕಿಡಕಿಗೆ ರೊಕ್ಕ. ನಮ್ಮ ಕಿಡಕಿ ತಗದ್ರ ಎದುರಿನ ಕೋಚಿಂಗ್ ಕ್ಲಾಸಿನ ಬೋರ್ಡು ಕಾಣತದ. ಇಲ್ಲಿಗೆ ಬರೋರು ಕೆಲಸಾ ಇಟಗೊಂಡ ಬರ್ತಾರ, ತಲಿಯೊಳಗ ಚಿಂತಿ ಇಟಗೊಂಡ ಬರ್ತಾರ. ಅವರಿಗೆ ಏನ್ ಬೇಕು ಅನ್ನೂದರ ಮ್ಯಾಲೆ ಖರ್ಚು ಮಾಡಬೇಕು. ನಿನ್ನ ಹುಡುಗ ಬರದ ಲೆಕ್ಕ ಫೋಟೋಕ್ಕ ಬರದದ್ದು, ಮಂದಿಗಲ್ಲ.

ಮೈದುನ: ಆದ್ರ ಈಗ ಎಲ್ಲಾ ಫೋಟೋ ನೋಡೇನ ಬುಕ್ ಮಾಡ್ತಾರ, ವೈನಿ.

ವೈನಿ: ಮದಲನೇ ಸಲ ಫೋಟೋ ನೋಡಿ ಬರ್ತಾರ. ಎರಡನೇ ಸಲ ಯಾಕ ಬರ್ತಾರ? ನೀನಽ ಒಮ್ಮೆ ಹೇಳಿದ್ದಿ, ಆ ಏರ್‌ಬಿಎನ್‌ಬಿಯವರ ಕಥಿ.

ಮೈದುನ: ಹೌದ್ರಿ. 2007ರಾಗ ಸ್ಯಾನ್ ಫ್ರಾನ್ಸಿಸ್ಕೋದಾಗ ಏನೋ ಸಮ್ಮೇಳನ ಇತ್ತು, ಹೋಟೆಲ್ ಎಲ್ಲಾ ತುಂಬಿದ್ವು. ಬಾಡಿಗಿ ಕಟ್ಲಿಕ್ಕ ರೊಕ್ಕ ಇಲ್ಲದ ಇಬ್ಬರ ಹುಡುಗೂರು ತಮ್ಮ ಮನ್ಯಾಗ ಗಾಳಿ ತುಂಬೋ ಮೂರ ಗಾದಿ ಹಾಸಿ ಮೂರ ಮಂದಿಗೆ ಜಾಗಾ ಕೊಟ್ರು, ನಾಷ್ಟಾನೂ ಕೊಟ್ರು.

ವೈನಿ: ಅವರಿಗೆ ಊರಿಗೆ ಯಾರ ಬಂದಾರ, ಏನ್ ಸಿಗವಲ್ದು ಅನ್ನೂದು ಗೊತ್ತಿತ್ತು. ಅಷ್ಟಽ ಅವರ ಬಂಡವಾಳ. ಈಗ ನಿನ್ನ ಕಡೆ ಎಷ್ಟ ಅದ?

ಮೈದುನ: ಕೈಯಾಗ 60,000 ಅದ. ಉಳದದ್ದು ಬ್ಯಾಂಕಿನಿಂದ ಸಾಲಾ ತಗೋಬೇಕು ಅಂತಿದ್ದೆ.

ವೈನಿ: ಸಾಲಾ ಬ್ಯಾಡ. ಒಂದ ಖೋಲಿಗೆ 60,000 ಸಾಕು.

ಮೈದುನ: ಒಂದ ಖೋಲಿ? ಎರಡೂ ಮಾಡಬೇಕು ಅಂತ ಮ್ಯಾಲೆ ಬಾಡಿಗಿಗೆ ಇರೋ ಹುಡುಗೂರಿಗೆ ಈ ತಿಂಗಳ ಕಡೀಕ ಖೋಲಿ ಬಿಡ್ರಿ ಅಂತ ಹೇಳಬಿಟ್ಟೇನಿ.

ವೈನಿ: ಯಾವಾಗ ಹೇಳಿದಿ?

ಮೈದುನ: ನಿನ್ನೆ.

ವೈನಿ: ಇವತ್ತಽ ಹೋಗಿ, ಇಲ್ಲ, ಕೂಡ್ರಿ ಅಂತ ಹೇಳಿ ಬಾ. ಇನ್ನ ಎರಡ ತಿಂಗಳದಾಗ ಅವರ ಪರೀಕ್ಷಾ ಅದ. ಈಗ ಖೋಲಿ ಹುಡಕಿಗೋತ ತಿರಗಿದ್ರ ಎರಡ ವರ್ಷ ಓದಿದ್ದು ಏನಾಗಬೇಕು? ನಿಮ್ಮ ಅಪ್ಪ ಈ ಊರಾಗ ವಾರಾನ್ನಾ ಉಂಡ ಓದ್ಯಾರ. ಸೋಮವಾರ ಒಬ್ಬರ ಮನಿ, ಮಂಗಳವಾರ ಇನ್ನೊಬ್ಬರ ಮನಿ. ಹಂಗ ಉಂಡ ಬೆಳದು ಈ ಮನಿ ಕಟ್ಟಿಸಿದವರು ಅವರು. ಓದೋ ಹುಡುಗೂರ ಗಂಟು ಮೂಟಿ ಹೊರಗ ಇಟ್ಟು ನಾವು ಹೊಸಾ ಧಂದೆ ಮಾಡೂದು ಬ್ಯಾಡ. ನಾ ಇರೂತನಕಾ ಅಂತೂ ಬ್ಯಾಡ.

ಮೈದುನ: ತಪ್ಪಾತು ವೈನಿ. ಹೇಳಿ ಬರ್ತೇನಿ. ಆದ್ರ ಲೆಕ್ಕದಾಗ ನೋಡಿದ್ರ ದಿನದ ಬಾಡಿಗಿನಽ ಹೆಚ್ಚಲ್ಲೇನ್ರಿ?

ವೈನಿ: ಲೆಕ್ಕಾನೂ ನೋಡೋಣ, ಪೆನ್ನು ತಗೋ. ಒಂದ ಖೋಲಿಗೆ ಇಬ್ಬರು ಹುಡುಗೂರು, ಒಬ್ಬ 3,000, ಅಂದ್ರ ತಿಂಗಳಿಗೆ 6,000. ತಿಂಗಳಾ ಐದನೇ ತಾರೀಖಿಗೆ ಕೈಯಾಗ ಬೀಳ್ತದ. ದಿನದ ಬಾಡಿಗಿ ಒಂದ ರಾತ್ರಿಗೆ 1,000 ಇಡು. ಅದರಾಗ ಚಾದರ ಟಾವೆಲ್ ಒಗೀಲಿಕ್ಕ 120, ಖೋಲಿ ಬಚ್ಚಲಾ ತೊಳಿಯೋ ಬಾಯಿಗೆ 150, ಕರೆಂಟು ಚಹಾ ಸಾಬಾಣಕ್ಕ 80. ಕೂಡಸು.

ಮೈದುನ: 350. ಉಳಿಯೂದು 650.

ವೈನಿ: 6,000 ಮುಟ್ಟಬೇಕಂದ್ರ ಹತ್ತ ರಾತ್ರಿ ತುಂಬಬೇಕು. ಹತ್ತ ರಾತ್ರಿತನಕಾ ನೀ ಕಳಕೊಂಡದ್ದನ್ನ ಮರಳಿ ಗಳಸ್ತಿ ಅಷ್ಟ. ಹನ್ನೊಂದನೇ ರಾತ್ರಿಯಿಂದ ಲಾಭಾ. ಆ್ಯಪಿನವರ ಪಾಲು ಇನ್ನೂ ಹಿಡದಿಲ್ಲ. ಎರಡೂ ಖೋಲಿ ಅಂದ್ರ ಇಪ್ಪತ್ತ ರಾತ್ರಿ. ಜೂನ್, ಜುಲೈದಾಗ ಜಿಟಿಜಿಟಿ ಮಳ್ಯಾಗ ಯಾರ ಬರ್ತಾರ? ಅದಕ್ಕ ಒಂದ ಖೋಲಿ ಹುಡುಗೂರಿಗೆ ಇರಲಿ. ಬಚ್ಚಲಾ ಕೂಡಿಕೊಂಡದ್ದು ಆ ಮೂಡಣ ಖೋಲಿ, ಅದನ್ನ ಮಾತ್ರ ಬದಲಿ ಮಾಡು. ಅದರೊಳಗಿನ ಹುಡುಗೂರು ಪರೀಕ್ಷಾ ಮುಗಿಸಿ ಹೋದ ಮ್ಯಾಲೆ.

ಮೈದುನ: ಆತು. 60,000 ಎಲ್ಲೆಲ್ಲಿ ಹಾಕೂದು?

ವೈನಿ: ಮದಲ ನೀರು. ನಮ್ಮ ನೀರು ಮಲಪ್ರಭಾದಿಂದ, ಸವದತ್ತಿ ನವಿಲುತೀರ್ಥದ ಡ್ಯಾಮಿನಿಂದ ಬರ್ತದ. ನಮ್ಮ ಓಣಿಗೆ ನಳಾ ಐದ ದಿನಕ್ಕೊಮ್ಮೆ ಅಂತ ಹಿಡದಽ ಲೆಕ್ಕಾ ಹಾಕು. ಸರಕಾರದವರು ಪಟ್ಟಣದಾಗ ಒಬ್ಬರಿಗೆ ದಿನಕ್ಕ 135 ಲೀಟರ್ ಅಂತ ಇಟ್ಟಾರ. ಇಬ್ಬರಿಗೆ 270, ಐದ ದಿನಕ್ಕ 1,350. ಈಗ ಇರೂ ಟಾಕಿ ಹುಡುಗೂರಿಗೇ ಬೇಕು. ಅದಕ್ಕ ಬಚ್ಚಲದ ಸ್ಲ್ಯಾಬಿನ ಮ್ಯಾಲೆ 1,500 ಲೀಟರಿನ ಬ್ಯಾರೆ ಟಾಕಿ ಕೂಡಸು. ಪೈಪು, ಕೂಲಿ ಹಿಡದು 11,000.

ಮೈದುನ: ನೀರಿಗೆ ಇಷ್ಟ್ಯಾಕ ಅಂಜತೀರಿ?

ವೈನಿ: ಹೋದ ವರ್ಷ ಮೇ ತಿಂಗಳದಾಗ ಬೆಂಗಳೂರಿನವರು ಇಳದಿದ್ರು, ಗಂಡ, ಹೆಂಡತಿ, ಅವನ ತಾಯಿ. ಆ ಮುದುಕಿ ಮೈಗೆ ಸಾಬಾಣ ಹಚಗೊಂಡಾಗ ನೀರು ನಿಂತಬಿಡ್ತು. ಒಳಗಿಂದ ಕೂಗತಾಳ, ಹೊರಗ ಮಗ ನಿಂತಾನ, ಟಾಕಿ ಖಾಲಿ. ಕುಡಿಯೋ ನೀರು ಕಾಸಿಕೊಂಡ ನಾನಽ ಒಳಗ ಹೋಗಿ ಆಕಿ ಮೈ ತೊಳದೆ. ಆಕಿ ಒಂದ ಮಾತೂ ಅನಲಿಲ್ಲ, ನನ್ನ ಕೈ ಹಿಡಕೊಂಡ್ಲು. ಆದ್ರ ನನಗ ಆ ರಾತ್ರಿ ನಿದ್ದಿ ಬರ್ಲಿಲ್ಲ. ರೊಕ್ಕ ತಗೊಂಡ ಮನಿಗೆ ಕರದ ಮ್ಯಾಲೆ ನೀರು ಕೊಡಲಿಲ್ಲ ಅಂದ್ರ ಅದು ದೊಡ್ಡ ತಪ್ಪು.

ಮೈದುನ: ಬರಕೊಂಡೆ. 11,000.

ವೈನಿ: ಆಮ್ಯಾಲೆ ಬಚ್ಚಲಾ, ಸಂಡಾಸ. 14,000. ನೆಲಕ್ಕ ಜಾರದಂಥಾ ಫರಸಿ, ಗೋಡಿಗೆ ಹಿಡಕೋಳಿಕ್ಕ ಒಂದ ಸ್ಟೀಲಿನ ಹಿಡಿಕಿ, ಕೂತ ಏಳಲಿಕ್ಕ ಬರೋ ಕಮೋಡು. ಬರೋರಾಗ ಅರ್ಧಾ ಮಂದಿ ಮೊಣಕಾಲ ಬ್ಯಾನಿಯವರು. ಗೀಜರಿಗೆ 7,500. ಗಾದಿಗೆ 10,000, ಅದರಾಗ ಕಂಜೂಸತನಾ ಮಾಡಬ್ಯಾಡ. ತೆಂಗಿನ ನಾರಿನ ಗಟ್ಟಿ ಗಾದಿ ತಗೋ, ಮೆತ್ತಗಿನದು ವರ್ಷದಾಗ ನಡಕ ಕುಸಿತದ. ಮಂಚಾ ತರೂದು ಬ್ಯಾಡ, ಮಾವನವರ ಸಾಗವಾನಿ ಮಂಚಾ ಅಟ್ಟದ ಮ್ಯಾಲೆ ಅದ. ಪಾಲಿಶ್ ಹೊಡಸು.

ಮೈದುನ: ಚಾದರ?

ವೈನಿ: ಬಿಳೀವು, ನಾಲ್ಕ ಜೋಡಿ. ಹೋಟೆಲಿನವರು ಮೂರ ಅಂತಾರ, ಒಂದು ಹಾಸಿಗಿ ಮ್ಯಾಲೆ, ಒಂದು ಒಗ್ಯಾಣದಾಗ, ಒಂದು ಕಪಾಟಿನ್ಯಾಗ. ಧಾರವಾಡ ಮಳಿಗಾಲಕ್ಕ ಮೂರು ಸಾಲೂದಿಲ್ಲ. ನಾಲ್ಕ ದಿನಾ ಅರಿವಿ ಒಣಗೂದಿಲ್ಲ, ಹಸೀ ವಾಸನಿ ಹಿಡೀತದ. ಟಾವೆಲ್ ಸೇರಿ 5,000. ಹೊದಿಲಿಕ್ಕ ಈ ಕೌದಿ. ಇದರಾಗ ನಿಮ್ಮ ಅವ್ವನ ಇಳಕಲ್ ಸೀರಿ ಅದ, ನಂದೂ ಎರಡ ಅವ. ನೆಲಕ್ಕ ನವಲಗುಂದ ಜಮಖಾನಿ ಒಂದ ಹಾಸು, ಮನ್ಯಾಗ ಸುತ್ತಿ ಇಟ್ಟದ್ದು ಹಂಗಽ ಅದ. ಬಂದಾವರು ಅದನ್ನ ಮುಟ್ಟಿ ಮುಟ್ಟಿ ನೋಡ್ತಾರ, ಎಲ್ಲಿ ಸಿಗತದ ಅಂತ ಕೇಳ್ತಾರ. ನೇಯೋ ಹೆಣ್ಣಮಕ್ಕಳಿಗೆ ಗಿರಾಕಿ ಆಗ್ತಾರ.

ಮೈದುನ: ಸೀಲಿಂಗ್ ಮಾಡಸೋದು ಬ್ಯಾಡೇನು?

ವೈನಿ: ಹಂಚಿನ ಕೆಳಗ ಅದನ್ನ ಮಾಡಸಬಾರದು. ಮಂಗ್ಯಾ ಒಂದ ಹಂಚು ಸರಿಸಿದ್ರ ಸಾಕು, ನೀರು ಇಳೀತದ. ಈಗ ಸೋರಿದ್ರ ಕಣ್ಣಿಗೆ ಕಾಣತದ, ಮರುದಿನಾ ಹತ್ತಿ ಹಂಚು ಕೂಡಸ್ತೇವಿ. ಅದನ್ನ ಮುಚ್ಚಿದ್ರ ಒಳಗಿಂದೊಳಗ ತೊಲಿ ಕೊಳೀತಾವ. ಸುಣ್ಣಾ, ವೈರಿಂಗ್ 6,000. ನಮ್ಮ ಇನ್ವರ್ಟರಿನಿಂದ ಒಂದ ಲೈನ್ ಮ್ಯಾಲೆ ಎಳಸು, 1,500. ಒಳಗಿನ ಚಿಲಕಾ, ಛಲೋ ಕೀಲಿ, ಪಾವಟಿಗಿಗೆ ಲೈಟು, ಮಚ್ಚರದಾನಿ, 3,000. ಎಷ್ಟಾತು?

ಮೈದುನ: 58,000.

ವೈನಿ: ಉಳದ ಎರಡ ಸಾವಿರ ಕೈಯಾಗ ಇರಲಿ, ನಳದ ವಾಶರ್ ಹೋಗೇ ಹೋಗ್ತದ. ಮತ್ತ ಮಾವನವರ ಬರಿಯೋ ಟೇಬಲ್ಲು ಕಿಡಕಿ ಹತ್ರ ಹಾಕು, ಮ್ಯಾಲೊಂದು ದೀಪಾ. ಟಿವಿ ಜಾಗಾದಾಗ ಅದು. ಸಪ್ತಾಪುರಕ್ಕ ಬರೋರು ರಾತ್ರಿ ಕೂತ ಓದ್ತಾರ, ಇಲ್ಲ ಬರೀತಾರ, ಇಲ್ಲ ಕೇಸಿನ ಕಾಗದಾ ತಿರವಿ ಹಾಕ್ತಾರ.

ಮೈದುನ: ಕಾಯ್ದೆ ಕಾನೂನಿನ ಕೆಲಸಾ ನಾ ನೋಡ್ಕೋತೇನಿ. ಪ್ರವಾಸೋದ್ಯಮ ಇಲಾಖೆಯೊಳಗ ನೋಂದಣಿ ಮಾಡಸ್ತೇನಿ. ಕೇಂದ್ರದವರ ಹೋಂಸ್ಟೇ ಯೋಜನಾದಾಗ 1ರಿಂದ 6 ಖೋಲಿತನಕಾ ಅವಕಾಶ ಅದ, ಮನಿಯವರು ಅಲ್ಲೇ ಇರಬೇಕು. ನೀವು ಕೆಳಗ ಇದ್ದೇ ಇರ್ತೀರಿ. ವರ್ಷದ ವ್ಯವಹಾರ 20 ಲಕ್ಷದೊಳಗ ಇರೋದ್ರಿಂದ ನಾವು ಜಿಎಸ್‌ಟಿ ನೋಂದಣಿ ಮಾಡಸಬೇಕಾಗಿಲ್ಲ. ಆ್ಯಪಿನಿಂದ ಬಂದ ಬುಕಿಂಗಿಗೆ ಆ್ಯಪಿನವರಽ ತೆರಿಗಿ ತಗೊಂಡು ಕಟ್ತಾರ. 7,500 ರೂಪಾಯಿ ಒಳಗಿನ ಖೋಲಿಗೆ 2025ರ ಸಪ್ಟೆಂಬರ್ 22ರಿಂದ ಅದು ಶೇ. 5 ಆಗ್ಯದ.

ವೈನಿ: ವಹಿ ತಪ್ಪಸಬ್ಯಾಡ. ಹೆಸರು, ಊರು, ಫೋನ್ ನಂಬರು, ಗುರುತಿನ ಚೀಟಿ ನೋಡಿದ್ದು. ಆಧಾರ್ ಆದ್ರ ನಂಬರ್ ಮುಚ್ಚಿದ ಪ್ರತಿ ಸಾಕು, ಮಂದಿ ಕಾಗದಾ ನಮ್ಮ ಮನ್ಯಾಗ ಬಿದ್ದಿರಬಾರದು. ಪರದೇಶದವರು ಬಂದ್ರ 24 ತಾಸಿನೊಳಗ ಅವರ ಮಾಹಿತಿ ಫಾರ್ಮ್ ತುಂಬಬೇಕು, ಅದು ಆನ್‌ಲೈನ್ ಆಗ್ತದ.

ಮೈದುನ: ಊಟಾ?

ವೈನಿ: ಊಟಾ ಬ್ಯಾಡ. ಖಾನಾವಳಿ ಹತ್ತ ಹೆಜ್ಜಿಗೊಂದ ಅವ, ಬಿಸಿ ರೊಟ್ಟಿ ಅಲ್ಲೇ ಛಲೋ ಸಿಗತಾವ. ಮುಂಜಾನೆ ಒಗ್ಗರಣಿ ಅವಲಕ್ಕಿ, ಇಲ್ಲ ಸೂಸಲಾ, ಚಹಾ, ಇಷ್ಟ ನಾ ಮಾಡ್ತೇನಿ. ಅದಕ್ಕೂ ಆಹಾರ ಸುರಕ್ಷತಾದವರ ನೋಂದಣಿ ಬೇಕಂತ, ವರ್ಷಕ್ಕ 100 ರೂಪಾಯಿ. ಅದನ್ನೂ ಮಾಡಸು.

ಮೈದುನ: ಆ್ಯಪಿನ್ಯಾಗ ಏನಂತ ಬರೀಲಿ?

ವೈನಿ: ಏನ್ ಇಲ್ಲ ಅನ್ನೂದನ್ನ ಮದಲ ಬರಿ. ಲಿಫ್ಟ್ ಇಲ್ಲ, ಹದಿನಾಲ್ಕ ಪಾವಟಿಗಿ ಹತ್ತಬೇಕು. ಎಸಿ ಇಲ್ಲ. ಮಳ್ಯಾಗ ಹಂಚಿನ ಮ್ಯಾಲೆ ಸಪ್ಪಳ ಆಗ್ತದ. ರಾತ್ರಿ ಹತ್ತರ ಮ್ಯಾಲೆ ಹಾಡು, ಗದ್ದಲ ಇಲ್ಲ, ಯಾಕಂದ್ರ ಬಾಜೂ ಖೋಲ್ಯಾಗ ಹುಡುಗೂರು ಓದ್ತಿರ್ತಾರ. ಇದನ್ನ ಓದಿ ಬ್ಯಾಡ ಅನ್ನೋರು ಬರೂದಽ ಬ್ಯಾಡ. ಓದಿ ಬರೋರ ಕೂಡ ಜಗಳಾ ಆಗೂದಿಲ್ಲ. ಆಮ್ಯಾಲೆ ಏನ್ ಅದ ಅನ್ನೂದನ್ನ ಬರಿ. ಕರ್ನಾಟಕ ಕಾಲೇಜಿಗೆ ನಡಕೊಂಡ ಹೋಗಬಹುದು. ಜುಬಿಲಿ ಸರ್ಕಲ್‌ಗೆ ಹೋದ್ರ ಹುಬ್ಬಳ್ಳಿಗೆ ಚಿಗರಿ ಬಸ್ಸು ಸಿಗತದ. ಬೆಂಗಳೂರಿನ ವಂದೇ ಭಾರತ್ ರೈಲು ಧಾರವಾಡಕ್ಕ ಬರ್ತದ. ಫೋಟೋ ನೀನಽ ತಗೀ, ಮುಂಜಾನೆ ಎಂಟಕ್ಕ, ಮೂಡಣ ಬಿಸಲು ಮಂಚದ ಮ್ಯಾಲೆ ಬಿದ್ದಾಗ.

ಮೈದುನ: ಮತ್ತ ನಿಮ್ಮ ಹಿತ್ತಲ ಖೋಲಿ? ಅದನ್ನೂ ಆ್ಯಪಿಗೆ ಹಾಕೋಣೇನು?

ವೈನಿ: ಅದು ಬ್ಯಾಡ. ಅದು ಹುಡುಗೂರ ಅಪ್ಪ ಅವ್ವಗ, ದವಾಖಾನಿಗೆ ಬರೋರಿಗೆ. 500 ತಗೋತೇನಿ, ಆಗದವರು ಆದಷ್ಟು ಕೊಡ್ತಾರ. ಮ್ಯಾಲಿನ ಖೋಲಿ ನಡದ್ರ ಇದರ ಚಾದರ ಸಾಬಾಣದ ಖರ್ಚು ಅದರಾಗ ಹೋಗ್ತದ.

ಮೈದುನ: ಹಂಗಾರ ಹುಡುಗೂರಿಗೆ ಹೇಳಿ ಬಂದಬಿಡ್ತೇನಿ.

ವೈನಿ: ಹೋಗು. ಹೇಳಿ ಹಂಗಽ ಪ್ಲಂಬರನ ಅಂಗಡಿಗೂ ಹೋಗಿ ಬಾ. ನಾಡದು ನಳಾ ಬರ್ತದ, ಅಷ್ಟರೊಳಗ ಈಗ ಇರೂ ಟಾಕಿ ತೊಳಸಬೇಕು. ಅದರ ನೀರು ಕುಡದ ಆ ಹುಡುಗೂರು ಪರೀಕ್ಷಾ ಬರೀಲಿಕ್ಕ ಹೋಗೋರು.